ಸರ್ಕಾರವೂ ಒಬ್ಬ ಗಿರಾಕಿ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘ 25 ವರ್ಷ ತುಂಬಿ ರಜತ ಮಹೋತ್ಸವ ಆಚರಿಸುತ್ತಿರುವುದು ನಮಗೆಲ್ಲ ಹೆಮ್ಮೆಯ ವಿಷಯ. ಸಂಘ ಕಟ್ಟಿದ ಹಿರಿಯರ ವಿಚಾರ, ಕಟ್ಟಡದ ವಿಚಾರ, ಲಾಭ ನಷ್ಟದ ವಿಚಾರ ಎಲ್ಲವೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿದೆ. ಸ್ಮರಣ ಸಂಚಿಕೆ ಸಮಿತಿಯವರು ನನ್ನನ್ನು "ಏನಾದರೂ ಇತಿಹಾಸ ಬರೆದುಕೊಡಿ, ಆದರೆ ರಾಜರ ಇತಿಹಾಸ ಬೇಡ" ಅಂದರು. ಸರಿ, ನಾನು ಇಲ್ಲಿ ಬರೆಯಲು ಹೊರಟಿರುವುದು ಒಬ್ಬ ಗಿರಾಕಿಯ ಇತಿಹಾಸ. ಆ ಗಿರಾಕಿ ಯಾರೆಂದರೆ ಸರ್ಕಾರ.

ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಿ, ಚೀಟಿ ಇಸ್ಕೊಂಡು ಮನೆಗೆ ಹೋಗುವ ನಾವು ಆ ಹಾಲು ಮುಂದೆ ಯಾರ ಹೊಟ್ಟೆ ಸೇರುತ್ತದೆ ಅಂತ ಯೋಚಿಸುವುದು ಕಡಿಮೆ. ಬಟವಾಡೆ ಸರಿಯಾಗಿ ಬಂದರೆ ಸಾಕು. ಸರ್ಕಾರ ಅಂದಾಗಲೂ ನಮ್ಮ ತಲೆಗೆ ಬರುವುದು ಸಬ್ಸಿಡಿ, ಸಾಲ ಮನ್ನಾ, ಪಹಣಿ, ಪಿಂಚಣಿ. ಸರ್ಕಾರ ಕೊಡುವವನು, ನಾವು ತಗೊಳ್ಳುವವರು ಅನ್ನುವ ಲೆಕ್ಕ. ಆದರೆ ಸರ್ಕಾರ ದಿನ ಬೆಳಗಾದರೆ ಕೊಳ್ಳುತ್ತದೆ ಕೂಡ. ಚಾಕ್‌ಪೀಸಿನಿಂದ ಸಿಮೆಂಟಿನವರೆಗೆ, ಅಂಗನವಾಡಿಯ ಹೆಸರುಕಾಳಿನಿಂದ ಪೊಲೀಸರ ಬೂಟಿನವರೆಗೆ ಎಲ್ಲವನ್ನೂ ಕೊಳ್ಳುತ್ತದೆ. ಸರ್ಕಾರ ಅಂದರೆ ವಿಧಾನಸೌಧ ಮಾತ್ರ ಅಲ್ಲ. ಗ್ರಾಮ ಪಂಚಾಯಿತಿ, ಪುರಸಭೆ, ಶಾಲೆ, ಹಾಸ್ಟೆಲ್ಲು, ಆಸ್ಪತ್ರೆ ಎಲ್ಲವೂ ಸೇರಿದರೆ ಅದಕ್ಕಿಂತ ದೊಡ್ಡ ಗಿರಾಕಿ ನಾಡಿನಲ್ಲಿ ಇನ್ನೊಬ್ಬ ಇಲ್ಲ. ಈ ಗಿರಾಕಿ ಯಾರ ಹತ್ತಿರ ಕೊಳ್ಳುತ್ತಾನೆ, ಯಾವ ಷರತ್ತಿಗೆ ಕೊಳ್ಳುತ್ತಾನೆ ಅನ್ನುವುದರ ಮೇಲೆ ಎಷ್ಟೋ ಹಳ್ಳಿಗಳ ಬದುಕು ನಿಂತಿದೆ.

ಇದು ಹೊಸ ಪ್ರಶ್ನೆಯೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಸರ್ಕಾರಕ್ಕೆ ಬೇಕಾದ ಸಾಮಾನಿನ ಬಹುಭಾಗ ಲಂಡನ್ನಿನಲ್ಲಿ ಖರೀದಿಯಾಗಿ ಹಡಗಿನಲ್ಲಿ ಬರುತ್ತಿತ್ತು. ದುಡ್ಡು ಮಾತ್ರ ಇಲ್ಲಿನ ಕಂದಾಯದ್ದು. ನಮ್ಮ ಕಂದಾಯದಲ್ಲಿ ಕೊಳ್ಳುವ ಮೊಳೆಯನ್ನು ನಮ್ಮ ಕಮ್ಮಾರ ಯಾಕೆ ಮಾಡಬಾರದು ಅನ್ನುವುದು ಸ್ವದೇಶಿ ಚಳವಳಿಯವರ ಪ್ರಶ್ನೆಗಳಲ್ಲಿ ಒಂದು. ಆ ಒತ್ತಾಯದ ಫಲವಾಗಿ 1922ರಲ್ಲಿ ಇಂಡಿಯನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ ಅನ್ನುವ ಇಲಾಖೆ ಹುಟ್ಟಿತು. ದೇಶದೊಳಗೇ, ರೂಪಾಯಿಯಲ್ಲೇ ಟೆಂಡರು ಕರೆಯುವ ಪದ್ಧತಿ ನಿಧಾನವಾಗಿ ಬಂತು. ಸ್ವಾತಂತ್ರ್ಯದ ನಂತರ ಸರ್ಕಾರಿ ಕಚೇರಿಗಳಿಗೆ ಖಾದಿ, ಕೈಮಗ್ಗದ ಬಟ್ಟೆ ಕೊಳ್ಳಬೇಕೆಂಬ ನೀತಿಗಳು ಬಂದವು. ನಮ್ಮ ರಾಜ್ಯದಲ್ಲಿ ಕೈಮಗ್ಗ ಅಭಿವೃದ್ಧಿ ನಿಗಮದ ನೇಕಾರರು ವಿದ್ಯಾವಿಕಾಸ ಯೋಜನೆಯ ಶಾಲಾ ಸಮವಸ್ತ್ರಕ್ಕೆ ನೇಯ್ದ ಬಟ್ಟೆ ಆ ಸಾಲಿಗೇ ಸೇರಿದ್ದು.

ಇದರಲ್ಲಿ ಎಲ್ಲರ ಕಣ್ಣಿಗೂ ಬಿದ್ದಿರುವ, ಆದರೆ ಯಾರೂ ಗಮನಿಸದ ಒಂದು ಸಾಮಾನು ಇದೆ. ಅದು ರಾಷ್ಟ್ರಧ್ವಜ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಂತ ಒಂದು ಸಂಸ್ಥೆ ಇದೆ, 1957ರ ನವೆಂಬರ್ 1ರಂದು ಆರಂಭವಾದದ್ದು. ಅಳತೆ, ಬಣ್ಣ, ನೂಲಿನ ಎಳೆ, ಹೊಲಿಗೆ ಎಲ್ಲವೂ ಭಾರತೀಯ ಮಾನಕ ಸಂಸ್ಥೆಯ ಲೆಕ್ಕಕ್ಕೆ ಸರಿಯಾಗಿ ಬಂದ ಬಾವುಟವನ್ನು ದೇಶದ ಸರ್ಕಾರಿ ಕಟ್ಟಡಗಳಿಗೆಲ್ಲ ಕೊಟ್ಟ ಕೀರ್ತಿ ಅವರದು. ಬಟ್ಟೆ ನೇಯುವುದು ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ. ನೂಲುವವರು, ಹೊಲಿಯುವವರು ಬಹುಪಾಲು ಹೆಂಗಸರು. ಬಾವುಟ ಖಾದಿಯದೇ ಆಗಿರಬೇಕು ಅಂತ ಧ್ವಜ ಸಂಹಿತೆಯಲ್ಲಿ ಒಂದು ಸಾಲು ಇತ್ತು. ಅಷ್ಟೂ ಮನೆಗಳ ಒಲೆ ಉರಿಯುತ್ತಿದ್ದದ್ದು ಆ ಒಂದು ಸಾಲಿನ ಮೇಲೆ. 2021ರ ಡಿಸೆಂಬರ್ 30ರಂದು ಆ ಸಾಲು ಬದಲಾಯಿತು. ಪಾಲಿಯೆಸ್ಟರ್ ಬಟ್ಟೆಯಲ್ಲಿ, ಯಂತ್ರದಲ್ಲಿ ಮಾಡಿದ ಬಾವುಟವೂ ಆಗಬಹುದು ಅಂತಾಯಿತು. ಮರುವರ್ಷ, 2022ರಲ್ಲಿ, ಮನೆ ಮನೆಗೂ ಬಾವುಟ ಹಾರಿದ ಸ್ವಾತಂತ್ರ್ಯದ ಅಮೃತ ಮಹೋತ್ಸವದ ಹೊತ್ತಿಗೆ ಬೆಂಗೇರಿಯವರು ಪ್ರತಿಭಟನೆಗೆ ಕೂರಬೇಕಾಯಿತು. ಬಾವುಟ ಅಗ್ಗವಾಗಿ ಎಲ್ಲರ ಕೈಗೂ ಸಿಗಲಿ ಅನ್ನುವ ವಾದಕ್ಕೂ ಅರ್ಥ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಸರ್ಕಾರಿ ಕಟ್ಟಡದ ಮೇಲೆ ಹಾರುವ ಬಾವುಟಕ್ಕಾದರೂ ಹಳೆಯ ಸಾಲನ್ನೇ ಉಳಿಸಬಹುದಿತ್ತು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ನಮ್ಮ ಹಾಲಿನ ಕಥೆಗೆ ಬರೋಣ. ನಮ್ಮೂರಿನಲ್ಲಿ ಅರವತ್ತೈದು ದಾಟಿದವರನ್ನು ಕೇಳಿ ನೋಡಿ, ಸ್ಕೂಲಿನಲ್ಲಿ ತಿಂದ ಕೇರ್ ಉಪ್ಪಿಟ್ಟನ್ನು ಮರೆತವರು ಸಿಗುವುದಿಲ್ಲ. ಅಮೆರಿಕದಿಂದ ಬಂದ ಹಳದಿ ರವೆ, ಎಣ್ಣೆಯ ಡಬ್ಬ, ಹಾಲಿನ ಪುಡಿ. ಅರವತ್ತು ಎಪ್ಪತ್ತರ ದಶಕಗಳಲ್ಲಿ ನಮ್ಮ ಮಕ್ಕಳು ಕುಡಿದದ್ದು ಇನ್ನೊಂದು ದೇಶದ ಹಸುವಿನ ಹಾಲು! ಅಲ್ಲಿ ರೈತರ ಹಾಲು, ಗೋಧಿ ಹೆಚ್ಚಾಗಿ ಬೆಲೆ ಬಿದ್ದಾಗ ಅಲ್ಲಿನ ಸರ್ಕಾರ ಅವರಿಂದ ಕೊಂಡು ಹೊರದೇಶಗಳಿಗೆ ಹಂಚುತ್ತಿತ್ತು. ನಾವು ಅದನ್ನು ದಾನ ಅಂದುಕೊಂಡೆವು. ದಾನ ಹೌದು, ಅದರ ಜೊತೆಗೆ ಅವರ ರೈತರಿಗೆ ಅವರ ಸರ್ಕಾರ ಗಿರಾಕಿಯಾಗಿ ನಿಂತಿದ್ದೂ ಹೌದು.

1970ರಲ್ಲಿ ಆರಂಭವಾದ ಆಪರೇಷನ್ ಫ್ಲಡ್ ಈ ದಾನದ ಪುಡಿಯನ್ನೇ ಜಾಣತನದಿಂದ ಬಳಸಿಕೊಂಡಿತು. ಯೂರೋಪಿನಿಂದ ಬಂದ ಪುಡಿ, ಬೆಣ್ಣೆ ಎಣ್ಣೆಯನ್ನು ಬಿಟ್ಟಿ ಹಂಚದೆ ಹಾಲಾಗಿ ಮಾಡಿ ಪಟ್ಟಣಗಳಲ್ಲಿ ಮಾರಿ, ಆ ಹಣದಿಂದ ಹಳ್ಳಿಗಳಲ್ಲಿ ಸಂಘಗಳನ್ನು ಕಟ್ಟಿದರು. ನಮ್ಮ ರಾಜ್ಯದ ಮೊದಲ ಡೈರಿ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಶುರುವಾಗಿತ್ತು. 1974-75ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಡೈರಿ ಅಭಿವೃದ್ಧಿ ಯೋಜನೆ ಬಂತು, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ಆಯಿತು. ಮುಂದಿನದು ನಿಮಗೆ ಗೊತ್ತು. 2024ರ ಜೂನ್ ಕೊನೆಯಲ್ಲಿ ರಾಜ್ಯದ ಸಂಘಗಳೆಲ್ಲ ಸೇರಿ ದಿನಕ್ಕೆ ಒಂದು ಕೋಟಿ ಲೀಟರ್ ದಾಟಿದವು.

ನಮ್ಮ ಸಂಘ ಹುಟ್ಟಿದ ಕಾಲಕ್ಕೇ ಇನ್ನೊಂದು ಹುಟ್ಟಿತು, ಅದನ್ನು ಇಲ್ಲಿ ಹೇಳಬೇಕು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಹೆಸರು ಹೇಳುವಾಗಲೇ ಉಸಿರು ಕಟ್ಟುತ್ತದೆ, ಕಚೇರಿಯವರು ಕೆ.ಟಿ.ಪಿ.ಪಿ. ಅಂತಾರೆ. ಜಾರಿಗೆ ಬಂದದ್ದು 2000ದಲ್ಲಿ. ತಮಿಳುನಾಡು 1998ರಲ್ಲಿ ಇಂಥದೊಂದು ಕಾಯ್ದೆ ಮಾಡಿತ್ತು, ನಂತರ ಮಾಡಿದವರು ನಾವು. ಅದಕ್ಕೆ ಮುಂಚೆ ಏನಾಗುತ್ತಿತ್ತು ಅಂತ ಹಳಬರಿಗೆ ಗೊತ್ತು. ಸಾಹೇಬರ ಮಾವನ ಮಗನಿಗೆ ಗುತ್ತಿಗೆ, ಮೂರು ಕೊಟೇಶನ್ನೂ ಒಂದೇ ಕೈಬರಹದಲ್ಲಿ. ಟೆಂಡರು ಬಹಿರಂಗವಾಗಿ ಕರೆಯಬೇಕು, ಕಾರಣ ಬರೆದು ತೀರ್ಮಾನಿಸಬೇಕು, ಅನ್ಯಾಯವಾದವರು ಮೇಲ್ಮನವಿ ಹೋಗಬಹುದು ಅಂತ ಮಾಡಿದ್ದು ದೊಡ್ಡ ಕೆಲಸವೇ. ಇದನ್ನು ಯಾರೂ ಹಗುರವಾಗಿ ಮಾತಾಡಬಾರದು.

ಆದರೆ ಆ ಕಾಯ್ದೆಯ ಕಣ್ಣು ಮುಖ್ಯವಾಗಿ ನೆಟ್ಟಿರುವುದು ಒಂದರ ಮೇಲೆ, ಎಲ್ಲಕ್ಕಿಂತ ಕಡಿಮೆ ದರದ ಟೆಂಡರು ಯಾವುದು ಅನ್ನುವುದರ ಮೇಲೆ. ಗುಣಮಟ್ಟದ ಷರತ್ತು ದಾಟಿದವರ ಪೈಕಿ ಕಡಿಮೆ ಬೆಲೆಯವನು ಗೆದ್ದ. ಕೇಳಲು ಸರಿಯಾಗಿಯೇ ಇದೆ, ನಾವು ಸಂತೆಯಲ್ಲಿ ಮಾಡುವುದೂ ಅದೇ ಅಲ್ಲವೇ? ಅಲ್ಲ ಸ್ವಾಮಿ. ಸಂತೆಯಲ್ಲಿ ನಾವು ಗುರುತಿನವರ ಹತ್ತಿರ ನಾಲ್ಕಾಣೆ ಜಾಸ್ತಿ ಕೊಟ್ಟು ತರುವುದುಂಟು. ನಾಳೆ ನಮಗೂ ಅವನು ಆಗುತ್ತಾನೆ ಅಂತ ನಮಗೆ ಗೊತ್ತು. ಟೆಂಡರು ಕಾಗದಕ್ಕೆ ಆ ನಾಳೆ ಕಾಣುವುದಿಲ್ಲ. ಇನ್ನು ಟೆಂಡರಿನಲ್ಲಿ ಭಾಗವಹಿಸಲು ಠೇವಣಿ ಬೇಕು, ಕಳೆದ ಮೂರು ವರ್ಷದ ವಹಿವಾಟು ಇಷ್ಟಿರಬೇಕು, ಇಡೀ ಜಿಲ್ಲೆಗೆ ಒಬ್ಬನೇ ಸರಬರಾಜು ಮಾಡಬೇಕು ಅಂತೆಲ್ಲ ಬರೆದರೆ, ಎರಡೆಕರೆ ತರಕಾರಿ ಬೆಳೆಯುವವನಿಗೂ ಹತ್ತು ಹೆಂಗಸರ ಸಂಘಕ್ಕೂ ಬಾಗಿಲು ತಾನೇ ಮುಚ್ಚಿಹೋಗುತ್ತದೆ. ಬಾಗಿಲು ಹಾಕಿದವರು ಯಾರು ಅಂದರೆ ಯಾರೂ ಅಲ್ಲ, ಷರತ್ತು. ಕಾಯ್ದೆಯ 4ನೇ ಪ್ರಕರಣದಲ್ಲಿ ಕೆಲವು ಖರೀದಿಗಳಿಗೆ ವಿನಾಯಿತಿ ಕೊಡುವ ದಾರಿ ಇದೆ. ಆದರೆ ಅದು ಕಿಂಡಿ, ಹೆಬ್ಬಾಗಿಲಲ್ಲ. ಆ ಕಿಂಡಿಯಲ್ಲಿ ನುಸುಳುವವರು ಯಾವಾಗಲೂ ಬಡವರೇ ಆಗಿರುತ್ತಾರೆ ಅಂತ ಹೇಳಲಾಗದು.

ಹೀಗಿರುವಾಗ 2013ರಲ್ಲಿ ನಮ್ಮ ಪಾಲಿಗೆ ಒಂದು ದೊಡ್ಡ ಖರೀದಿ ಬಂತು. ಅದರ ಹಿನ್ನೆಲೆ ಹೀಗಿದೆ. 2008ರಲ್ಲಿ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಕೊಡಲು ಆರಂಭಿಸಿತು. 2013ರಲ್ಲಿ ಅದು 4 ಆಯಿತು, 2016ರಲ್ಲಿ 5 ಆಯಿತು. ಪ್ರೋತ್ಸಾಹ ಸಿಕ್ಕಿದ ಮೇಲೆ ಹಾಲು ಹೆಚ್ಚಿತು. ಹಾಲು ಹೆಚ್ಚಾದಷ್ಟು ಮಾರಾಟ ಹೆಚ್ಚಲಿಲ್ಲ. ಪುಡಿ ಮಾಡಿ ಗೋದಾಮಿಗೆ ತುಂಬಿದರೆ ಪುಡಿಗೂ ಬೆಲೆ ಇಲ್ಲ. ವಾರಕ್ಕೊಂದು ದಿನ ಹಾಲು ತಗೊಳ್ಳೋದಿಲ್ಲ ಅನ್ನುವ 'ಹಾಲು ರಜೆ'ಯ ಭಯ ಎಂಥದು ಅಂತ ಹಸು ಕಟ್ಟಿದವರಿಗೆ ಗೊತ್ತು. ಹಸುವಿಗೆ ರಜೆ ಇಲ್ಲವಲ್ಲ! ಇನ್ನೊಂದು ಕಡೆ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟವೇನೋ ಇತ್ತು. 2001ರ ನವೆಂಬರ್ 28ರ ಸುಪ್ರೀಂ ಕೋರ್ಟ್ ಆದೇಶದ ನಂತರ 2002ರ ಜೂನ್‌ನಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಗಿ, ಮರುವರ್ಷ ನಮ್ಮ ಕಡೆಗೂ ಬಂದಿತ್ತು. ಆದರೆ ಮಕ್ಕಳ ಮೈ ಮಾತ್ರ ಒಣಗಿಯೇ ಇತ್ತು. ಈ ಎರಡು ಕಷ್ಟಗಳನ್ನು ಸರ್ಕಾರ ಒಂದಕ್ಕೊಂದು ಗಂಟು ಹಾಕಿತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಆರಂಭವಾಯಿತು.

ಲೆಕ್ಕ ಸರಳ. 18 ಗ್ರಾಂ ಕೆನೆಭರಿತ ಹಾಲಿನ ಪುಡಿಗೆ ನೀರು ಬೆರೆಸಿ ಕಾಯಿಸಿದರೆ ಒಂದು ಮಗುವಿಗೆ 150 ಮಿಲಿಲೀಟರ್ ಹಾಲು. ಮೊದಲು ವಾರಕ್ಕೆ ಮೂರು ದಿನ, 2017ರಿಂದ ಐದು ದಿನ. ಶಾಲೆ, ಅಂಗನವಾಡಿ ಸೇರಿ ಆರಂಭದಲ್ಲಿ ಸುಮಾರು ಒಂದು ಕೋಟಿ ಮಕ್ಕಳು. ನೀವೇ ಗುಣಿಸಿ ನೋಡಿ, ಒಂದು ದಿನಕ್ಕೆ 15 ಲಕ್ಷ ಲೀಟರ್ ಹಾಲು, ಅಂದರೆ 180 ಟನ್ ಪುಡಿ. ಹಸಿ ಹಾಲೇ ಕೊಡಬಾರದಿತ್ತೇ, ಪುಡಿ ಯಾಕೆ ಅಂತ ಆಗ ಕೇಳಿದವರಿದ್ದರು. ರಸ್ತೆಯಿಲ್ಲದ ಊರಿನ ಶಾಲೆಗೂ ಬೆಳಿಗ್ಗೆ ಹತ್ತರೊಳಗೆ ಒಡೆಯದ ಹಾಲು ತಲುಪಿಸುವುದು ಆಗುವ ಮಾತಲ್ಲ. ಪುಡಿಯಾದರೆ ಗೋದಾಮಿನಲ್ಲಿ ಇರುತ್ತದೆ, ಹೆಚ್ಚಾದ ಹಾಲು ಖರ್ಚಾಗುವುದೂ ಪುಡಿಯಾಗಿಯೇ. ಅಮೆರಿಕದ ಪುಡಿ ಕುಡಿದ ಅಜ್ಜನ ಮೊಮ್ಮಗ ಈಗ ಅದೇ ಶಾಲೆಯ ಜಗಲಿಯಲ್ಲಿ ಅಜ್ಜನ ಹಸುವಿನ ಹಾಲಿನ ಪುಡಿಯನ್ನು ಕುಡಿಯುವಂತಾಯಿತು. 2024ರಿಂದ ವಾರಕ್ಕೆ ಮೂರು ದಿನ ಅದಕ್ಕೆ ರಾಗಿ ಮಾಲ್ಟೂ ಸೇರಿದೆ.

ಇದನ್ನು ನಮಗೆ ಮಾಡಿದ ಉಪಕಾರ ಅಂತ ಭಾಷಣಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಉಪಕಾರ ಅಲ್ಲ, ವ್ಯಾಪಾರ. ಸರ್ಕಾರ ದುಡ್ಡು ಕೊಟ್ಟಿತು, ನಾವು ಹಾಲು ಕೊಟ್ಟೆವು. ಆದರೆ ಒಳ್ಳೆಯ ವ್ಯಾಪಾರ. ಕೊಂಡ ಸಾಮಾನಿನ ಜೊತೆಗೆ ಇನ್ನೂ ಎರಡು ಕೆಲಸವಾಯಿತು, ಮಗುವಿನ ಹೊಟ್ಟೆ ತುಂಬಿತು, ಹಳ್ಳಿಯ ಬಟವಾಡೆ ನಿಲ್ಲಲಿಲ್ಲ. ಕಡಿಮೆ ದರದ ಪುಡಿ ಹುಡುಕಿಕೊಂಡು ಟೆಂಡರು ಕರೆದಿದ್ದರೆ ನಾಲ್ಕು ಕಾಸು ಉಳಿಯುತ್ತಿತ್ತೋ ಏನೋ, ಈ ಎರಡನೆಯ ಕೆಲಸ ಮಾತ್ರ ಆಗುತ್ತಿರಲಿಲ್ಲ.

ಆ ಗಿರಾಕಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು 2020ರ ಲಾಕ್‌ಡೌನ್ ತೋರಿಸಿತು. ಶಾಲೆ ಮುಚ್ಚಿತು, ಹೋಟೆಲು ಮುಚ್ಚಿತು, ಮದುವೆ ನಿಂತವು. ಹಸು ಮಾತ್ರ ದಿನಕ್ಕೆ ಎರಡು ಹೊತ್ತು ಹಾಲು ಕೊಡುತ್ತಲೇ ಇತ್ತು. ಆಗ ಸರ್ಕಾರ ಉಳಿದ ಹಾಲನ್ನು ಕೊಂಡು ಪಟ್ಟಣಗಳ ಕೊಳೆಗೇರಿಯ ಜನರಿಗೆ ಕೆಲವು ದಿನ ಉಚಿತವಾಗಿ ಹಂಚಿತು. ಸ್ವಲ್ಪ ದಿನದ ಮಾತೇ ಆದರೂ ಆ ಹೊತ್ತಿಗೆ ಅದು ದೊಡ್ಡದು.

ಕಡಿಮೆ ದರದ ಇನ್ನೊಂದು ಕಥೆ ನಿಮ್ಮೆಲ್ಲರಿಗೂ ಗೊತ್ತಿರುವುದೇ. ತಿರುಪತಿ ಲಡ್ಡುವಿಗೆ ಹೋಗುತ್ತಿದ್ದ ನಂದಿನಿ ತುಪ್ಪ 2023ರಲ್ಲಿ ನಿಂತಿತು. ಟೆಂಡರಿನ ದರಕ್ಕೆ ಕೊಡಲು ಆಗುವುದಿಲ್ಲ ಅಂತ ನಮ್ಮ ಮಹಾಮಂಡಳಿ ಹಿಂದೆ ಸರಿಯಿತು. ರೈತನಿಗೆ ಕೊಡುವ ಹಾಲಿನ ದರ ಹಿಡಿದು ಲೆಕ್ಕ ಹಾಕಿದರೆ ತುಪ್ಪಕ್ಕೆ ಇಷ್ಟಾಗುತ್ತದೆ ಅನ್ನುವುದು ಇರುತ್ತದಲ್ಲ, ಅದಕ್ಕಿಂತ ಕೆಳಗೆ ಯಾರಾದರೂ ಕೊಡುತ್ತೇನೆ ಅಂದರೆ ಕೊಳ್ಳುವವನು ಒಂದು ಸಲ ಮೂಸಿ ನೋಡಬೇಕು. 2024ರಲ್ಲಿ ಅಲ್ಲಿನ ತುಪ್ಪದ ಗುಣಮಟ್ಟದ ಬಗ್ಗೆ ದೇಶವೆಲ್ಲ ಗದ್ದಲವಾಯಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತನಿಖೆಯ ಮಾತು ನಮಗೆ ಬೇಡ. ಅದೇ ವರ್ಷ ನಂದಿನಿ ತುಪ್ಪ ಮತ್ತೆ ಬೆಟ್ಟ ಹತ್ತಿತು ಅನ್ನುವಷ್ಟು ಸಾಕು.

ಹಾಗಾದರೆ ಕಳ್ಳತನಕ್ಕೂ ಅವಕಾಶ ಕೊಡದೆ, ಬರೀ ಅಗ್ಗದ ಹಿಂದೆಯೂ ಹೋಗದೆ, ಸಣ್ಣ ರೈತನಿಂದ ಸರ್ಕಾರ ಕೊಳ್ಳುವುದು ಹೇಗೆ? ಇದಕ್ಕೆ ದಾರಿ ಹುಡುಕಿದವರಲ್ಲಿ ಬ್ರೆಜಿಲ್ ದೇಶದವರು ಮುಖ್ಯ. ಅಷ್ಟು ದೂರದ ಮಾತು ನಮಗೇಕೆ ಅನ್ನಬೇಡಿ, ಅವರ ಕಥೆ ನಮ್ಮದಕ್ಕೆ ಅಣ್ಣ ತಮ್ಮನಷ್ಟು ಹತ್ತಿರ.

ಅಲ್ಲಿ ಶಾಲಾ ಊಟ ಶುರುವಾದದ್ದು 1955ರಲ್ಲಿ, ಅದೂ ಹೊರದೇಶದಿಂದ ಬಂದ ಹಾಲಿನ ಪುಡಿಯಿಂದಲೇ! ಆಮೇಲೆ ಬಹಳ ಕಾಲ ರಾಜಧಾನಿಯಲ್ಲೇ ಒಟ್ಟಾಗಿ ಕೊಂಡು ಇಡೀ ದೇಶಕ್ಕೆ ಲಾರಿಯಲ್ಲಿ ಕಳಿಸುತ್ತಿದ್ದರು. ಪ್ಯಾಕೆಟ್ಟಿನ ಪುಡಿ, ಡಬ್ಬದ ಸೂಪು. ಬಾಳೆಹಣ್ಣು ಕೊಳೆತು ಬೀಳುವ ಊರಿನ ಮಗುವಿಗೂ ಎಲ್ಲಿಂದಲೋ ಬಂದ ಪ್ಯಾಕೆಟ್ಟೇ ಗತಿ. 1994ರಲ್ಲಿ ಈ ಕೆಲಸವನ್ನು ಸ್ಥಳೀಯ ಸರ್ಕಾರಗಳಿಗೆ ವಹಿಸಿದರು. ಅಲ್ಲಿ ನಮ್ಮ ತಾಲ್ಲೂಕು ಪಂಚಾಯಿತಿ, ಪುರಸಭೆ ಎರಡೂ ಒಂದರಲ್ಲೇ ಸೇರಿದಂಥ ಸಂಸ್ಥೆಗಳು 5,500ಕ್ಕೂ ಹೆಚ್ಚಿವೆ. ಅಧಿಕಾರ ಊರಿಗೆ ಬಂತು, ಸರಿ. ಆದರೆ 1993ರಲ್ಲಿ ಅಲ್ಲೂ ಒಂದು ಟೆಂಡರು ಕಾಯ್ದೆ ಬಂದಿತ್ತು, ಭ್ರಷ್ಟಾಚಾರದ ಮೇಲೆ ಜನ ರೊಚ್ಚಿಗೆದ್ದ ನಂತರ ಬಂದದ್ದು, ನಮ್ಮ ಕೆ.ಟಿ.ಪಿ.ಪಿ.ಯ ಅಣ್ಣ ಅನ್ನಿ. ಊರಿನ ಸಂಸ್ಥೆ ಊರಿನ ಶಾಲೆಗೆ ಕೊಳ್ಳುವಾಗಲೂ ಗೆಲ್ಲುತ್ತಿದ್ದದ್ದು ದೂರದ ದೊಡ್ಡ ಕಂಪನಿಯೇ.

2003ರಲ್ಲಿ ಅಧ್ಯಕ್ಷ ಲೂಲಾ ಅವರ ಸರ್ಕಾರ ಹಸಿವು ನೀಗಿಸುವ ಕಾರ್ಯಕ್ರಮ ಹಾಕಿಕೊಂಡಾಗ ಸಣ್ಣ ರೈತರಿಂದ ಟೆಂಡರಿಲ್ಲದೆ ಧಾನ್ಯ, ತರಕಾರಿ ಕೊಳ್ಳುವ ಒಂದು ಯೋಜನೆ ಮಾಡಿ ನೋಡಿದರು. ಅದರ ಅನುಭವದ ಮೇಲೆ 2009ರ ಜೂನ್ 16ರಂದು 11,947ನೇ ನಂಬರಿನ ಕಾನೂನು ಬಂತು. ಶಾಲಾ ಊಟಕ್ಕೆ ಕೇಂದ್ರದಿಂದ ಬರುವ ಹಣದಲ್ಲಿ ನೂರಕ್ಕೆ 30 ಭಾಗ ಕಡಿಮೆಯಿಲ್ಲದಂತೆ ಮನೆಮಂದಿಯೇ ದುಡಿದು ಬೆಳೆಯುವ ರೈತ ಕುಟುಂಬಗಳಿಂದ ನೇರವಾಗಿ ಕೊಳ್ಳಲೇಬೇಕು. ಭೂಸುಧಾರಣೆಯಲ್ಲಿ ಜಮೀನು ಸಿಕ್ಕಿದವರಿಗೆ, ಆದಿವಾಸಿಗಳಿಗೆ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಊರು ಕಟ್ಟಿಕೊಂಡವರ ವಂಶದವರಿಗೆ ಮೊದಲ ಆದ್ಯತೆ.

ಇದರ ಸೊಗಸು ಇರುವುದು ಕೊಳ್ಳುವ ರೀತಿಯಲ್ಲಿ. ಟೆಂಡರಿನ ಬದಲು ಅಲ್ಲಿ 'ಬಹಿರಂಗ ಕರೆ' ಅಂತ ಮಾಡುತ್ತಾರೆ. ಮೊದಲು ಆಹಾರತಜ್ಞರು ಆ ಪ್ರದೇಶದಲ್ಲಿ ಯಾವ ಕಾಲಕ್ಕೆ ಏನು ಬೆಳೆಯುತ್ತದೆ ಅಂತ ನೋಡಿಕೊಂಡು ಊಟದ ಪಟ್ಟಿ ಮಾಡಬೇಕು. ನಂತರ ಸ್ಥಳೀಯ ಮಾರುಕಟ್ಟೆಯಲ್ಲಿ ಮೂರು ಕಡೆ ದರ ವಿಚಾರಿಸಿ, ಸಾಗಾಣಿಕೆ ಖರ್ಚನ್ನೂ ಸೇರಿಸಿ, ಕೊಡುವ ಬೆಲೆಯನ್ನು ಮೊದಲೇ ಪ್ರಕಟಿಸಬೇಕು. ಬೆಲೆ ಗೊತ್ತಾದ ಮೇಲೆ ಇನ್ನು ಒಬ್ಬರ ಮೇಲೊಬ್ಬರು ಬಿದ್ದು ದರ ಇಳಿಸುವ ಮಾತೇ ಇಲ್ಲ. ಪೈಪೋಟಿ ಇರುವುದು ಬೇರೆಯದರಲ್ಲಿ. ಹತ್ತಿರದವರು ಮೊದಲು, ದೂರದವರು ಆಮೇಲೆ. ರಾಸಾಯನಿಕ ಇಲ್ಲದೆ ಬೆಳೆದವರಿಗೆ ಆದ್ಯತೆ, ಒಬ್ಬಂಟಿಗಿಂತ ಸಹಕಾರ ಸಂಘಕ್ಕೆ ಆದ್ಯತೆ. ಸಾವಯವ ಬೆಳೆಗೆ ಮಾರುಕಟ್ಟೆ ದರ ಸಿಗದಿದ್ದರೆ ನೂರಕ್ಕೆ 30ರವರೆಗೆ ಹೆಚ್ಚು ಕೊಡಬಹುದು. ದೊಡ್ಡ ರೈತನೊಬ್ಬನೇ ಎಲ್ಲವನ್ನೂ ಬಾಚಿಕೊಳ್ಳಬಾರದು ಅಂತ ಒಂದು ಕುಟುಂಬ ವರ್ಷಕ್ಕೆ ಇಷ್ಟೇ ಮಾರಬಹುದು ಅನ್ನುವ ಮಿತಿಯೂ ಇದೆ. ಮೊದಲು 9,000 ರಿಯಾಲ್ ಇದ್ದದ್ದು 2012ರಲ್ಲಿ 20,000 ಆಯಿತು, 2021ರಲ್ಲಿ 40,000 ಆಯಿತು. ರಿಯಾಲ್ ಅಂದರೆ ಅವರ ರೂಪಾಯಿ.

ಮೇಲ್ವಿಚಾರಣೆಗೆ ಪ್ರತಿ ಊರಿಗೂ ಒಂದು ಶಾಲಾ ಊಟದ ಸಮಿತಿ. ಏಳು ಜನ. ಸರ್ಕಾರದ ಕಡೆಯವರು ಒಬ್ಬರೇ! ಉಳಿದವರು ಶಿಕ್ಷಕರು, ಪೋಷಕರು, ಸಂಘ ಸಂಸ್ಥೆಯವರು. ಲೆಕ್ಕಕ್ಕೆ ಇವರ ಒಪ್ಪಿಗೆ ಬೇಕು. ಟೆಂಡರು ಇಲ್ಲ ಅಂದರೆ ಲೂಟಿ ಅಂತ ಹೆದರುವವರಿಗೆ ಇದೇ ಉತ್ತರ. ಬೆಲೆ ಎಲ್ಲರಿಗೂ ಗೊತ್ತು, ಕೊಟ್ಟವನು ಯಾರೆಂದು ಗೊತ್ತು, ತಿಂದ ಮಗುವಿನ ತಾಯಿಯೇ ಸಮಿತಿಯಲ್ಲಿ ಕೂತಿದ್ದಾಳೆ.

ಎಲ್ಲ ಸುಸೂತ್ರ ನಡೆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಮೊದಲ ವರ್ಷಗಳಲ್ಲಿ ಎಷ್ಟೋ ಸ್ಥಳೀಯ ಸಂಸ್ಥೆಗಳು 30 ಮುಟ್ಟಲಿಲ್ಲ. ಕಾನೂನಿನಲ್ಲೇ ಮೂರು ವಿನಾಯಿತಿ ಇದ್ದವು. ರೈತರು ಸರಿಯಾದ ಬಿಲ್ಲು ಕೊಡಲಾಗದಿದ್ದರೆ, ನಿಯಮಿತವಾಗಿ ಸರಬರಾಜು ಮಾಡಲಾಗದಿದ್ದರೆ, ಶುಚಿತ್ವ ಇಲ್ಲದಿದ್ದರೆ ಕೊಳ್ಳಬೇಕಾಗಿಲ್ಲ. ಮನಸ್ಸಿಲ್ಲದ ಅಧಿಕಾರಿಗೆ ಇಷ್ಟು ಸಾಕಲ್ಲ. ಐವತ್ತು ಶಾಲೆಗೆ ಐವತ್ತು ಕಡೆ ತರಕಾರಿ ಇಳಿಸುವ ಲಾರಿ ಬಾಡಿಗೆ ರೈತನನ್ನು ಸುಸ್ತು ಮಾಡಿತು. ಹಣ ತಡವಾಗಿ ಬಂತು. ಹಾಲು, ಮಾಂಸದಂಥ ಪದಾರ್ಥಕ್ಕೆ ತಪಾಸಣೆಯ ಮುದ್ರೆ ಬೇಕಾಗಿ ಸಣ್ಣವರು ಒದ್ದಾಡಿದರು. ಈ ಕಷ್ಟಗಳಲ್ಲಿ ಗೆದ್ದು ಬಂದವರು ಬಹುಪಾಲು ಸಹಕಾರ ಸಂಘ ಕಟ್ಟಿಕೊಂಡವರು. ಒಬ್ಬನ ಮನೆಯಲ್ಲಿ ಬಿಲ್ ಪುಸ್ತಕ ಇರುವುದಿಲ್ಲ, ಸಂಘದಲ್ಲಿ ಇರುತ್ತದೆ. ಒಬ್ಬನ ಬೆಳೆ ಹೋದರೆ ಇನ್ನೊಬ್ಬನದು ಇರುತ್ತದೆ. ದಕ್ಷಿಣದ ರಿಯೊ ಗ್ರಾಂಡೆ ದೊ ಸುಲ್ ರಾಜ್ಯದಲ್ಲಿ ಭೂಮಿಗಾಗಿ ಹೋರಾಡಿ ಜಮೀನು ಪಡೆದವರ ಸಹಕಾರ ಸಂಘಗಳು ಬೆಳೆದ ಸಾವಯವ ಅಕ್ಕಿ ಸಾವ್ ಪೌಲೊದಂಥ ಮಹಾನಗರದ ಶಾಲೆಗಳಿಗೆ ಹೋಯಿತು. 2023ರಲ್ಲಿ ಇನ್ನೊಂದು ತಿದ್ದುಪಡಿ ಬಂದು, ಕುಟುಂಬದಿಂದ ಕೊಳ್ಳುವಾಗ ಕನಿಷ್ಠ ಅರ್ಧ ಭಾಗ ಹೆಂಗಸಿನ ಹೆಸರಿನಲ್ಲಿರಬೇಕು ಅಂತಾಯಿತು. ಹಾಲು ಕರೆಯುವವಳು ಹೆಂಡತಿ, ಪಾಸ್‌ಬುಕ್ಕು ಗಂಡನದು ಅನ್ನುವುದು ಅಲ್ಲೂ ಇತ್ತೆಂದು ಕಾಣುತ್ತದೆ. 2025ರಲ್ಲಿ ನೂರಕ್ಕೆ 30 ಇದ್ದದ್ದನ್ನು 45ಕ್ಕೆ ಏರಿಸಿ ಕಾನೂನು ಮಾಡಿದ್ದಾರೆ, 2026ರಿಂದ ಜಾರಿ.

ನಮ್ಮಲ್ಲಿ ಇಂಥ ಮಾತು ಆಡಿದವರೇ ಇಲ್ಲ ಅಂತಲ್ಲ. 2004ರ ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟು ಅಂಗನವಾಡಿ ಆಹಾರಕ್ಕೆ ಗುತ್ತಿಗೆದಾರರನ್ನು ಬಳಸಕೂಡದು, ಊರಿನ ಸಮುದಾಯ, ಸ್ವಸಹಾಯ ಗುಂಪು, ಮಹಿಳಾ ಮಂಡಳಿಗಳ ಮೂಲಕ ಖರ್ಚು ಮಾಡಿ ಅಂತ ಹೇಳಿತು. ಎಷ್ಟು ಸ್ಪಷ್ಟ ಮಾತು! ಆದರೆ ನಮ್ಮ ಊರುಗಳಲ್ಲಿ ಅಂಗನವಾಡಿಗೆ ಬರುವ ಮೂಟೆಯ ಮೇಲೆ ಯಾವ ಊರಿನ ಹೆಸರು ಇರುತ್ತದೆ ಅಂತ ಒಂದು ದಿನ ಹೋಗಿ ನೋಡಿ. ಶಾಲೆಯ ಮೊಟ್ಟೆಯ ವಿಷಯವೂ ಅಷ್ಟೆ. ಮೊಟ್ಟೆ ಊರಿನಲ್ಲೇ ಕೊಳ್ಳಲಿ ಅಂತ ಬಿಟ್ಟದ್ದು ಒಳ್ಳೆಯದು, ಆದರೆ ದರ ಮಾತ್ರ ಮೇಲೆ ಕೂತು ನಿಗದಿ. ಬೇಯಿಸುವ, ಸುಲಿಯುವ ಖರ್ಚೂ ಸೇರಿ ಒಂದಕ್ಕೆ 6 ರೂಪಾಯಿ ಅಂದರು. ಅಂಗಡಿಯಲ್ಲಿ ಮೊಟ್ಟೆಯೇ ಅದಕ್ಕಿಂತ ಮೇಲೆ ಹೋದ ತಿಂಗಳುಗಳಲ್ಲಿ ಮೇಷ್ಟ್ರುಗಳು ಕೈಯಿಂದ ಹಾಕಿದ್ದು ಪತ್ರಿಕೆಗಳಲ್ಲೇ ಬಂದಿದೆ. ಬ್ರೆಜಿಲ್‌ನವರ ಹಾಗೆ ಮೂರು ಅಂಗಡಿ ವಿಚಾರಿಸಿ ಆ ತಿಂಗಳ ದರ ಬರೆಯುವುದು ಅಷ್ಟು ಕಷ್ಟವೇ?

ಈಗಿನ ಕಾಲದಲ್ಲಿ ಖರೀದಿಯೆಲ್ಲ ಕಂಪ್ಯೂಟರಿನಲ್ಲಿ. 2016ರಲ್ಲಿ ಕೇಂದ್ರದ 'ಜೆಮ್' ಅನ್ನುವ ಮಾರುಕಟ್ಟೆ ಬಂದ ಮೇಲೆ ಸ್ವಾತಂತ್ರ್ಯಾನಂತರದ ಹಳೆಯ ಖರೀದಿ ಇಲಾಖೆಯನ್ನು 2017ರಲ್ಲಿ ಮುಚ್ಚಿದರು. 2022ರ ಜೂನ್‌ನಲ್ಲಿ ಸಹಕಾರ ಸಂಘಗಳೂ ಅಲ್ಲಿ ಕೊಳ್ಳಬಹುದು ಅಂತ ಕೇಂದ್ರ ಸಂಪುಟ ತೀರ್ಮಾನಿಸಿತು. ಇದರಿಂದ ನಮಗೂ ಒಂದು ಪ್ರಶ್ನೆ ಬರುತ್ತದೆ. ನಮ್ಮ ಸಂಘವೂ ಕೊಳ್ಳುತ್ತದಲ್ಲ? ಕ್ಯಾನು, ತಕ್ಕಡಿ, ಪಶು ಆಹಾರ, ವಾರ್ಷಿಕ ಮಹಾಸಭೆಯ ಊಟ. ಮಹಾಸಭೆಯ ದಿನ ನಾವೇ ಪ್ಯಾಕೆಟ್ ತಿಂಡಿ, ಬಾಟಲಿ ನೀರು ಹಂಚಿ, ತಟ್ಟೆಗಳನ್ನೆಲ್ಲ ಕೆರೆಯ ಪಕ್ಕ ಎಸೆದು ಬಂದು, ಸರ್ಕಾರ ಮಾತ್ರ ಹಳ್ಳಿಯಿಂದ ಕೊಳ್ಳಬೇಕು ಅಂದರೆ ಹೇಗೆ? ಊರಿನ ಸ್ತ್ರೀಶಕ್ತಿ ಗುಂಪಿನವರಿಗೆ ಹೇಳಿದರೆ ಮುದ್ದೆ ಸಾರು ಮಾಡಿ ಬಡಿಸಿಯಾರು. ಖರ್ಚು ಸ್ವಲ್ಪ ಹೆಚ್ಚಾದರೂ ಆ ಹೆಚ್ಚು ಊರಿನಲ್ಲೇ ಉಳಿಯುತ್ತದೆ.

ಕೊನೆಯದಾಗಿ ಒಂದು ವ್ಯತ್ಯಾಸವನ್ನು ಸದಸ್ಯರ ಗಮನಕ್ಕೆ ತರಬೇಕು. ಬ್ರೆಜಿಲ್‌ನಲ್ಲಿರುವುದು ಕಾನೂನು. ಸರ್ಕಾರ ಬದಲಾಯಿತು, 2019ರಿಂದ ನಾಲ್ಕು ವರ್ಷ ಬೇರೆ ಪಕ್ಷದವರು ಬಂದರು, ಆದರೂ ಆ ನೂರಕ್ಕೆ 30 ಕಾನೂನಿನಲ್ಲಿ ಉಳಿಯಿತು. ನಮ್ಮ ಕ್ಷೀರಭಾಗ್ಯ ಯೋಜನೆ, ಪ್ರತಿ ವರ್ಷದ ಆಯವ್ಯಯದಲ್ಲಿ ಹಣ ಇಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಪುಡಿಯ ದರವನ್ನು ಎಷ್ಟು ದಿನಕ್ಕೊಮ್ಮೆ ನೋಡಬೇಕು, ಹಣ ಎಷ್ಟು ದಿನದಲ್ಲಿ ಬರಬೇಕು ಅನ್ನುವುದಕ್ಕೂ ಹಿಂದೆ ಒಂದು ಕಾಯ್ದೆ ಇಲ್ಲ. ಬೆಂಗೇರಿಯವರಿಗಾದರೂ ಸಂಹಿತೆಯಲ್ಲಿ ಒಂದು ಸಾಲು ಇತ್ತು, ಅದೇ ಹೋಯಿತು. ನಮಗೆ ಆ ಸಾಲೂ ಇನ್ನೂ ಬರೆದಿಲ್ಲ. ಒಕ್ಕೂಟದ ಸಭೆಗೆ ಹೋಗುವ ನಮ್ಮ ಅಧ್ಯಕ್ಷರು ಮುಂದಿನ ಸಲ ಈ ವಿಷಯವನ್ನು ನಡಾವಳಿಯಲ್ಲಿ ಬರೆಸಿಕೊಂಡು ಬರಲಿ ಅಂತ ಕೇಳಿಕೊಳ್ಳುತ್ತೇನೆ.